ಡ್ರಿಪ್ ಪೈಪಿನ ತುಂಡು ಮತ್ತು ಜೋಡಿ ಕಾರ್ಬ್ಯುರೇಟರ್

ಬಿಸಿಲಿಗೆ ಅಂತ ಎಲ್ಲರೂ ಹೇಳುತ್ತಾರೆ. ಕಾಕಾನ ಕೆಂಪು ಗಾಡಿಗೆ ಮೊದಲು ಎರಡು ಕಾರ್ಬ್ಯುರೇಟರ್ ಇದ್ದವು, ಈಗ ಒಂದೇ ಇದೆ. ಯಾಕೆ ಅಂತ ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಸಿದ್ಧ ಉತ್ತರವಿದೆ: ಇಂಗ್ಲೆಂಡಿನ ಥಂಡಿಗೆ ಮಾಡಿದ ಸಾಮಾನು, ವಿಜಯಪುರದ ಬಿಸಿಲು ತಡೀಲಿಲ್ಲ. ಅಪ್ಪ ಹೀಗೇ ಹೇಳುತ್ತಾನೆ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹೀಗೇ ಹೇಳುತ್ತಾಳೆ. ಬಬಲೇಶ್ವರದ ಮೇಸ್ತ್ರಿ ಬಿಸಿಲಿನ ಜೊತೆ ಒಂದಿಷ್ಟು ಧೂಳನ್ನೂ ಸೇರಿಸಿ ಹೇಳುತ್ತಾನೆ. ಕಾಕಾ ಮಾತ್ರ ಏನೂ ಹೇಳುವುದಿಲ್ಲ. ಅವರು ಹೇಳುವಾಗ ತಲೆಯಾಡಿಸುತ್ತಾನೆ, ಅಷ್ಟೇ.

ನಾನು ಇದನ್ನು ಒಪ್ಪುವುದಿಲ್ಲ. ನಾನು ಕನ್ನಡ ಸಾಲಿಗೆ ಹೋಗುತ್ತಿದ್ದಾಗಿಂದ ಆ ಗಾಡಿ ಇದೇ ಬಿಸಿಲಲ್ಲಿ, ಇದೇ ಎರಡು ಕಾರ್ಬ್ಯುರೇಟರ್ ಇಟ್ಟುಕೊಂಡು ಓಡಿದೆ. ಬಿಸಿಲೇ ಕಾರಣವಾಗಿದ್ದರೆ ಮೊದಲನೆಯ ಬೇಸಿಗೆಯಲ್ಲೇ ಕೈ ಕೊಡಬೇಕಿತ್ತು. ಇಷ್ಟು ವರ್ಷ ಸುಮ್ಮನಿದ್ದ ಬಿಸಿಲು ಒಮ್ಮೆಲೇ ಎದ್ದು ಕೂತಿತು ಅನ್ನುವವರು ನಡುವೆ ಏನು ಬದಲಾಯಿತು ಅಂತಲೂ ಹೇಳಬೇಕಲ್ಲ. ಇನ್ನು, ಹೊಸದಾಗಿ ಹಚ್ಚಿದ ಕಾರ್ಬ್ಯುರೇಟರೂ ವಿದೇಶದ್ದೇ. ಅದೇನು ಸಿಂದಗಿಯ ಹೊಲದಲ್ಲಿ ಬೆಳೆದದ್ದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಇಂಥ ವಾದ ಹೂಡಿದ್ದರೆ ಗಂಟೆ ಬಾರಿಸುವ ಮೊದಲೇ ನಾವು ಅವರನ್ನು ಕೂಡಿಸಿಬಿಡುತ್ತಿದ್ದೆವು.

ಮೊದಲು ಗಾಡಿಯ ವಿಷಯ. ಕಾಕಾ ನಮ್ಮಪ್ಪನ ತಮ್ಮ. ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ, ಟಿಕೋಟಾದ ಹತ್ತಿರ ಒಣದ್ರಾಕ್ಷಿ ಮಾಡುವ ಶೆಡ್ಡು, ವಿಜಯಪುರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವನ ಮನೆ. ಗಾಡಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಛತ್ತಿಲ್ಲ. ಕೊಲ್ಹಾಪುರದ ಕಡೆ ಯಾವುದೋ ಗೋದಾಮಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದಾಗ ಕಾಕಾ ಕಂಡು, ಒಣದ್ರಾಕ್ಷಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಹೇರಿಕೊಂಡು ಬಂದ. ಅದು ಎಷ್ಟು ಕೆಳಗಿದೆ ಅಂದರೆ, ಗಾಂಧಿ ಚೌಕದಲ್ಲಿ ನಿಂತಾಗ ಆಟೋದವರು ನಮ್ಮನ್ನು ಬಾವಿಯಲ್ಲಿ ಇಣುಕಿದ ಹಾಗೆ ನೋಡುತ್ತಾರೆ. ಒಬ್ಬ ಕೇಳಿಯೂ ಇದ್ದ: "ಸಾವ್ಕಾರ್ರ, ಮ್ಯಾಲಿನ ಅರ್ಧ ಯಾವಾಗ ಬರ್ತದರಿ?" ಕಾಕಾ, "ಆರ್ಡರ್ ಕೊಟ್ಟೇನಪಾ, ಇನ್ನಾ ಹಡಗಿನ್ಯಾಗ ಅದ" ಅಂದಿದ್ದ.

ಕಾರ್ಬ್ಯುರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಮಾನು. ಈ ಗಾಡಿಗೆ ಅಂಥವು ಎರಡು: ಮುಂದಿನ ಎರಡು ಸಿಲಿಂಡರಿಗೆ ಒಂದು, ಹಿಂದಿನ ಎರಡಕ್ಕೆ ಇನ್ನೊಂದು. ಎರಡೂ ಒಂದೇ ಅಳತೆಯಲ್ಲಿ ಉಸಿರೆಳೆಯಬೇಕು. ಒಂದು ಹೆಚ್ಚು ಎಳೆದು ಇನ್ನೊಂದು ಕಡಿಮೆ ಎಳೆದರೆ, ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದ ಹಾಗೆ, ಇಡೀ ಎಂಜಿನ್ನು ನಡುಗುತ್ತದೆ. ನಮ್ಮ ಮನೆಯಲ್ಲಿ ಅವಕ್ಕೆ ಹೆಸರು ಬಿದ್ದದ್ದೂ ಹಾಗೇ. ಎರಡಿದ್ದರೆ ಜೋಡಿ, ಒಂದಿದ್ದರೆ ಒಂಟಿ.

ಜೋಡಿಯನ್ನು ಸರಿಹೊಂದಿಸುವ ಕೆಲಸ ಕಾಕಾನದೇ. ತೋಟದ ಡ್ರಿಪ್ಪಿಗೆ ಹಾಕುವ ಕರಿ ಪೈಪಿನ ಒಂದು ಮೊಳದ ತುಂಡು ಅವನ ಸೀಟಿನ ಕೆಳಗೆ ಸದಾ ಇರುತ್ತಿತ್ತು. ಎಂಜಿನ್ನು ಶುರು ಮಾಡಿ, ಗಾಳಿ ಸೋಸುವ ಡಬ್ಬಿ ಬಿಚ್ಚಿಟ್ಟು, ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲನೆಯ ಕಾರ್ಬ್ಯುರೇಟರಿನ ಬಾಯಿಗೆ. ಸ್ಸ್ ಅಂತ ಗಾಳಿ ಒಳಗೆ ಹೋಗುವ ಸದ್ದು. ಆಮೇಲೆ ಎರಡನೆಯದರ ಬಾಯಿಗೆ. ಎರಡೂ ಸದ್ದು ಒಂದೇ ಆಗುವ ತನಕ ಸಣ್ಣ ಸ್ಕ್ರೂ ತಿರುಗಿಸುವುದು. ಇದನ್ನು ಬೇರೆ ಯಾರೂ ಕಲಿಯಲಿಲ್ಲ. ಕಾಕಾ ಕಲಿಸಲೂ ಇಲ್ಲ.

ಈ ಪೈಪು ಮನೆಯಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕೆಲವು ವರ್ಷಗಳಿಂದ ಚಿಗವ್ವ ಒಂದೇ ಮಾತು ಹಿಡಿದಿದ್ದಳು: ಕಾಕಾನಿಗೆ ಕಿವಿ ಕೇಳಿಸುವುದಿಲ್ಲ. ಟಿವಿ ಸದ್ದು ಓಣಿಯ ಕೊನೆಗೆ ಕೇಳುತ್ತದೆ. ಫೋನಿನಲ್ಲಿ ಎಲ್ಲದಕ್ಕೂ ಹಾಂ ಹಾಂ ಅಂದು, ಬಿಜ್ಜರಗಿಗೆ ಹೋಗಬೇಕಾದ ಟೆಂಪೋವನ್ನು ಕಳ್ಳಕವಟಗಿಗೆ ಕಳಿಸಿದ್ದಾನೆ. "ಹಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡದ್ರ ಇವರಿಗಿ ಕೇಳಸಂಗಿಲ್ಲ. ಡಾಕ್ಟರ ಕಡಿ ತೋರಸ್ರಿ ಅಂದ್ರ ಕೇಳಂಗಿಲ್ಲ. ಒಬ್ಬರೇ ಗಾಡಿ ತಗೊಂಡು ಹೋಗಬ್ಯಾಡ್ರಿ ಅಂದ್ರೂ ಕೇಳಂಗಿಲ್ಲ."

ಇದಕ್ಕೆ ಕಾಕಾನ ಉತ್ತರ ಒಂದೇ. ಪೈಪು ಎತ್ತಿ ತೋರಿಸುತ್ತಿದ್ದ. "ಕಿವಿ ಇಲ್ಲದಾಂವ ಜೋಡಿ ಸೆಟ್ ಮಾಡ್ತಾನೇನು? ನೀ ಮಾಡಿ ತೋರಸು, ಆಮ್ಯಾಲ ಮಾತಾಡೂಣು."

ವಾದ ಮಾಡುವವಳಾಗಿ ನನಗೆ ಇದು ಬಹಳ ಹಿಡಿಸುತ್ತಿತ್ತು. ಒಂದೇ ಸಾಕ್ಷಿ, ಪ್ರತಿ ಸಲ ಹೊರಡುವಾಗ ಎಲ್ಲರ ಕಣ್ಣೆದುರು ಹಾಜರು. ಆದರೆ ಒಂದೇ ಸಾಕ್ಷಿಯ ಮೇಲೆ ನಿಂತವನ ಪಾಡು ಏನೆಂಬುದೂ ನನಗೆ ಗೊತ್ತಿತ್ತು. ಜೋಡಿ ಹೋದರೆ ಪೈಪು ಹೋಗುತ್ತದೆ. ಪೈಪು ಹೋದರೆ ಕಿವಿಯ ಡಾಕ್ಟರು, ಕಿವಿಗೆ ಮಷಿನ್ನು, ಮತ್ತು ಎಡಗಡೆ ಸೀಟಿನಲ್ಲಿ ಕಾವಲಿಗೆ ಯಾರಾದರೊಬ್ಬರು. ಬೆಳಿಗ್ಗೆ ಒಬ್ಬನೇ ಟಿಕೋಟಾಕ್ಕೆ ಹೋಗಿಬರುವ ಕಾಕಾನ ಸುಖ ಅಲ್ಲಿಗೆ ಮುಗಿಯುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ಎಲ್ಲರೂ ಮಾತಾಡುತ್ತಿದ್ದದ್ದು ಕಾರ್ಬ್ಯುರೇಟರಿನ ಬಗ್ಗೆ.

ಕಳೆದ ವರ್ಷ ಒಣದ್ರಾಕ್ಷಿ ಸೀಜನ್ನು ಮುಗಿಯುವ ಹೊತ್ತಿಗೆ ಗಾಡಿ ದಮ್ಮು ಹಿಡಿದವರ ಹಾಗೆ ಮಾಡತೊಡಗಿತು. ನಿಂತಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಒಂದು ಕ್ಷಣ ಉಸಿರು ಸಿಕ್ಕಿಕೊಂಡು, ಕೆಮ್ಮಿ, ಆಮೇಲೆ ಹೋಗುತ್ತಿತ್ತು. ಟಿಕೋಟಾ ರಸ್ತೆಯಲ್ಲಿ ಕುರಿ ತುಂಬಿದ ಟೆಂಪೋವೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಕುರಿಗಳೆಲ್ಲ ಹಿಂದಕ್ಕೆ ತಿರುಗಿ ನಮ್ಮನ್ನೇ ನೋಡಿದವು. ಕಾಕಾ ಮನೆಗೆ ಬಂದು ಪೈಪು ಹಿಡಿದು ಸ್ಕ್ರೂ ತಿರುಗಿಸಿದ, ಮರುದಿನ ಮತ್ತೆ ತಿರುಗಿಸಿದ. ಕೆಮ್ಮು ಹೋಗಲಿಲ್ಲ. ಚಿಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಬಬಲೇಶ್ವರದ ಮೇಸ್ತ್ರಿ ಈ ಗಾಡಿಯ ಉಳಿದ ರಿಪೇರಿಯನ್ನೆಲ್ಲ ಮಾಡುವವನು. ಟ್ರ್ಯಾಕ್ಟರ್ ಗ್ಯಾರೇಜು ಅವನದು, ಬಾಯಿ ಜೋರು. ಪುಣೆಯಿಂದ ವಿದೇಶಿ ಒಂಟಿ ಕಾರ್ಬ್ಯುರೇಟರ್ ಒಂದನ್ನು ತರಿಸಿ ಇಟ್ಟುಕೊಂಡಿದ್ದ. "ಒಂಟಿ ಹಚ್ಚಿಬಿಡೂಣ್ರಿ ಸಾವ್ಕಾರ್ರ. ಒಂದ ಬಾಯಿ, ಒಂದ ಸ್ಕ್ರೂ. ಸದ್ದು ಕೇಳೂ ಕೆಲಸಾನ ಇಲ್ಲ. ಹಚ್ಚಿ ಮರತುಬಿಡ್ರಿ."

"ಮರಿಯಾಕ ನಾ ಗಾಡಿ ಇಟ್ಕೊಂಡೇನೇನು?" ಅಂದ ಕಾಕಾ. ಸಂಜೆ ನನ್ನನ್ನು ಕರೆದ. "ವಕೀಲವ್ವಾ, ಢಾಲು ಗೆದ್ದು ತಂದು ಕಪಾಟಿನ್ಯಾಗ ಇಟ್ಟೀಯಲ್ಲ, ಈಗ ಉಪಯೋಗಕ್ಕ ಬಾ. ಜೋಡಿ ಕಡಿ ನೀ ಮಾತಾಡು."

"ಮೊದಲ ನೋಡ್ತೀನಿ ಕಾಕಾ. ಯಾವ ಕಡಿ ಮಾತಾಡೂದು ಅನ್ನೂದು ಆಮ್ಯಾಲ ಹೇಳ್ತೀನಿ."

"ನೋಡ್ರಿ, ವಕೀಲಿಗೆ ಕರದ್ರ ಜಜ್ಜ್ ಆಗಿ ಬಂದಾಳ," ಅಂದಳು ಚಿಗವ್ವ ಒಳಗಿಂದ.

ಓದಿದೆ. ಇಂಥ ಗಾಡಿ ಇಟ್ಟುಕೊಂಡವರು ಲೋಕದ ತುಂಬ ಇದ್ದಾರೆ. ಅವರಲ್ಲಿ ಜೋಡಿಯವರು, ಒಂಟಿಯವರು ಅಂತ ಎರಡು ಪಂಗಡ, ಇಂಟರ್ನೆಟ್ಟಿನಲ್ಲಿ ಹಗಲೂ ರಾತ್ರಿ ಬೈದಾಟ. ಒಂಟಿಯವರು ಹೇಳುವುದು: ಹೊಂದಿಸುವ ತಾಪತ್ರಯ ಇಲ್ಲ, ಬಿಡಿಭಾಗ ಸಲೀಸಾಗಿ ಸಿಗುತ್ತವೆ, ತಿಂಗಳುಗಟ್ಟಲೆ ಮುಟ್ಟಬೇಕಾಗಿಲ್ಲ. ಜೋಡಿಯವರು ಹೇಳುವುದು: ಎಂಜಿನ್ನು ಮಾಡಿದವರು ಜೋಡಿಗೇ ಮಾಡಿದ್ದಾರೆ, ನಾಲ್ಕೂ ಸಿಲಿಂಡರಿಗೆ ಸಮನಾಗಿ ಉಣಿಸುತ್ತದೆ, ಕಾಲಿಟ್ಟ ಕೂಡಲೇ ಎದ್ದು ಓಡುತ್ತದೆ. ಎರಡೂ ಕಡೆ ಬಹುತೇಕ ಸಾಕ್ಷಿ ಅಂದರೆ, ನನ್ನ ಗಾಡಿ ಚೆನ್ನಾಗಿ ಓಡುತ್ತದೆ ಅನ್ನುವ ಹೇಳಿಕೆ. ಅದನ್ನು ಸಾಕ್ಷಿ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತಿನಲ್ಲಿ ಎರಡೂ ಪಂಗಡಕ್ಕೆ ಸಹಮತವಿತ್ತು. ಜೋಡಿಯ ಒಂದೊಂದು ಕಾರ್ಬ್ಯುರೇಟರಿನ ನೆತ್ತಿಯ ಮೇಲೂ ಒಂದು ಸಣ್ಣ ಕೊಳವೆ ಇದೆ, ಅದರಲ್ಲಿ ಎಂಜಿನ್ ಎಣ್ಣೆ ಇರಬೇಕು. ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು ಒಮ್ಮೆಲೇ ಜಿಗಿಯದಂತೆ ಆ ಎಣ್ಣೆ ತಡೆದು ಹಿಡಿಯುತ್ತದೆ. ಎಣ್ಣೆ ಸರಿಯಿಲ್ಲದಿದ್ದರೆ ಪಿಸ್ಟನ್ನು ಜಿಗಿಯುತ್ತದೆ, ಗಾಳಿ ಹೆಚ್ಚಾಗುತ್ತದೆ, ಗಾಡಿ ಕೆಮ್ಮುತ್ತದೆ. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಅದನ್ನು ನೋಡಿ ಅಂತ ಎಲ್ಲರೂ ಬರೆದಿದ್ದರು.

ರವಿವಾರ ಟಿಕೋಟಾದ ಶೆಡ್ಡಿಗೆ ಹೋದೆವು. ಚಿಗವ್ವನೂ ಅಪ್ಪನ ಸ್ಕೂಟರ್ ತಗೊಂಡು ಹಿಂದೆ ಬಂದಳು. ನಾನು ಬಾನೆಟ್ಟು ಎತ್ತಿ, ಒಂದರ ನೆತ್ತಿಯ ಮುಚ್ಚಳ ತಿರುವಿ ಮೇಲೆತ್ತಿದೆ. ವಾಸನೆಯಲ್ಲೇ ಗೊತ್ತಾಯಿತು. ದ್ರಾಕ್ಷಿಯನ್ನು ಒಣಹಾಕುವ ಮೊದಲು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ಸಿಪ್ಪೆಯ ಮೇಣ ಬಿಟ್ಟು ಬೇಗ ಒಣಗಲಿ ಅಂತ. ಡಿಪ್ಪಿಂಗ್ ಎಣ್ಣೆ ಅನ್ನುತ್ತೇವೆ. ಸೀಜನ್ನಿನಲ್ಲಿ ಆ ವಾಸನೆ ನಮ್ಮ ತಲೆಗೂದಲಿಗೂ ಹತ್ತಿರುತ್ತದೆ. ಒಂದು ಹನಿ ಅಂಗೈಗೆ ಹಾಕಿಕೊಂಡು ನಲ್ಲಿಯ ನೀರು ಬಿಟ್ಟೆ. ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಎಂಜಿನ್ ಎಣ್ಣೆ ಹಾಗೆ ಆಗುವುದಿಲ್ಲ.

"ಕಾಕಾ, ಇದರಾಗ ಏನ್ ಹಾಕೀದಿ?"

"ಎಣ್ಣಿ."

"ಯಾವ ಎಣ್ಣಿ?"

"ಯಾವಾಗ್ಲೂ ಹಾಕೂದು. ಆ ಕ್ಯಾನಿನ್ಯಾಗಿಂದು."

ಹಲಗೆಯ ಮೇಲೆ ಒಂದೇ ಥರದ ಎರಡು ಬಿಳಿ ಕ್ಯಾನುಗಳಿದ್ದವು. ಎಂಜಿನ್ ಎಣ್ಣೆಯನ್ನು ಕಾಕಾ ವರ್ಷಗಳಿಂದ ಡಿಪ್ಪಿಂಗ್ ಎಣ್ಣೆಯ ಖಾಲಿ ಕ್ಯಾನಿನಲ್ಲೇ ಇಡುತ್ತಿದ್ದ. ಗಟ್ಟಿ ಕ್ಯಾನು, ಎಸೆಯುವುದೇಕೆ ಅಂತ. ಸೀಜನ್ನಿಗೆ ಬಂದ ತುಂಬಿದ ಕ್ಯಾನು ಅದರ ಪಕ್ಕ ಬಂದು ಕೂತಿತ್ತು. ಚಿಗವ್ವ ಎರಡನ್ನೂ ಮೂಸಿ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನ್ರೀ, ಗಾಡಿನೂ ಒಣದ್ರಾಕ್ಷಿ ಮಾಡಾಕ ಹೊಂಟಿದ್ರೇನು?"

ಕಾಕಾನೂ ನಕ್ಕ. ಕೊಳವೆಗಳನ್ನು ಒರೆಸಿ, ಸರಿಯಾದ ಎಣ್ಣೆ ತುಂಬಿ, ಬಿಜ್ಜರಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಕೆಮ್ಮು ಹೋಗಿತ್ತು. ಇಳಿಯುವಾಗ ಕಾಕಾನ ಮುಖ ನೋಡಬೇಕಿತ್ತು. ಇಷ್ಟು ದಿನ ಆ ಕೆಮ್ಮಿನಲ್ಲಿ ಅವನು ಏನು ಕೇಳಿಕೊಳ್ಳುತ್ತಿದ್ದ ಅಂತ ನನಗೆ ಆಗ ಅಂದಾಜಾಯಿತು.

"ತಪ್ಪು ಎಣ್ಣೀದು, ಕಿವೀದಲ್ಲ. ಬರಕೋ ವಕೀಲವ್ವಾ," ಅಂದ.

"ಎಣ್ಣಿ ಎಣ್ಣಿ. ಕಿವಿ ಕಿವಿ," ಅಂದಳು ಚಿಗವ್ವ. "ಎಣ್ಣಿ ತಪ್ಪಿತ್ತು ಅಂದ್ರ ಕಿವಿ ಸುದ್ದ ಅದ ಅಂತ ಹೆಂಗ ಆಗ್ತದ?"

ಆಗುವುದಿಲ್ಲ. ಆ ಅಂಕ ಅವಳಿಗೆ ಕೊಡಲೇಬೇಕಾಯಿತು. ಕಾಕಾ ನನ್ನನ್ನು ಗುರಾಯಿಸಿದ. ಚಿಗವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಷರತ್ತು ಇಟ್ಟಳು. ಮೇಸ್ತ್ರಿಯ ಹತ್ತಿರ ಗಾಳಿ ಅಳೆಯುವ ಮೀಟರ್ ಇದೆ. ಅವನು ಸ್ಕ್ರೂಗಳನ್ನು ಕೆಡಿಸಿಡಲಿ, ಕಾಕಾ ಪೈಪಿನಿಂದ ಸರಿಮಾಡಲಿ, ಮೀಟರ್ ತೀರ್ಪು ಕೊಡಲಿ. ಎರಡೂ ಸಮ ಬಂದರೆ ಜೋಡಿ ಇರಲಿ, ಕಿವಿಯ ಮಾತು ಅವಳು ಇನ್ನೆಂದೂ ಎತ್ತುವುದಿಲ್ಲ, ಕಾಕಾ ಒಬ್ಬನೇ ಎಲ್ಲಿಗೆ ಬೇಕಾದರೂ ಹೋಗಲಿ. ಬರದಿದ್ದರೆ ಒಂಟಿ ಹಚ್ಚಿಸಬೇಕು, ಪಕ್ಕದಲ್ಲಿ ಯಾರೂ ಇಲ್ಲದೆ ಗಾಡಿ ಮುಟ್ಟಬಾರದು.

"ಆತು," ಅಂದ ಕಾಕಾ. ಸ್ವಲ್ಪ ಬೇಗನೇ ಅಂದ ಅಂತ ನನಗೆ ಅನ್ನಿಸಿತು.

ಮುಂದಿನ ರವಿವಾರ ಬಬಲೇಶ್ವರಕ್ಕೆ ಹೋದೆವು. ಗ್ಯಾರೇಜಿನ ಅಂಗಳದಲ್ಲಿ ಒಂದು ಟ್ರ್ಯಾಕ್ಟರು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದರ ಪಕ್ಕ ನಮ್ಮ ಗಾಡಿ ಮಕ್ಕಳ ಆಟಿಕೆಯ ಹಾಗೆ ಕಾಣುತ್ತಿತ್ತು. ಕಾಕಾನನ್ನು ರಸ್ತೆಯಾಚೆಯ ಚಾ ಅಂಗಡಿಗೆ ಕಳಿಸಿ, ಮೇಸ್ತ್ರಿ ಸ್ಕ್ರೂಗಳನ್ನು ಮನಸ್ಸಿಗೆ ಬಂದ ಹಾಗೆ ತಿರುವಿದ. ಎಂಜಿನ್ನು ಗಡಗಡ ನಡುಗತೊಡಗಿತು. ಕಾಕಾ ಬಂದ. ಪೈಪು ಕಿವಿಗೆ ಇಟ್ಟುಕೊಂಡ, ಕಣ್ಣು ಮುಚ್ಚಿದ. ಮೊದಲನೆಯ ಬಾಯಿ, ಎರಡನೆಯ ಬಾಯಿ, ಸ್ಕ್ರೂ. ಮತ್ತೆ ಮೊದಲನೆಯದು. ನಡುಕ ಕಡಿಮೆಯಾಗುತ್ತ ಬಂತು. "ನೋಡಪಾ," ಅಂತ ಎದ್ದು ನಿಂತ. ಮೇಸ್ತ್ರಿ ಮೀಟರ್ ಇಟ್ಟ. ಎರಡೂ ಸಮ. ಚಿಗವ್ವ ಒಪ್ಪದೆ ಇನ್ನೊಮ್ಮೆ ಮಾಡಿಸಿದಳು. ಮತ್ತೂ ಸಮ.

"ಸಾವ್ಕಾರ್ರ, ಈ ಮೀಟರ್ ಗುಜರಿಗೆ ಹಾಕ್ತೀನ್ರಿ," ಅಂದ ಮೇಸ್ತ್ರಿ.

"ಮುಗೀತು. ನಾ ಸೋತೆ," ಅಂದಳು ಚಿಗವ್ವ. ಕೋಪವೇನೂ ಇರಲಿಲ್ಲ. ಸಮಾಧಾನವಾದ ಹಾಗೇ ಇತ್ತು.

ನಾನು ನಿಂತದ್ದು ಚಿಗವ್ವ, ಮೇಸ್ತ್ರಿ ನಿಂತ ಕಡೆ ಅಲ್ಲ. ಗಾಡಿಯ ಇನ್ನೊಂದು ಮಗ್ಗುಲಿಗೆ, ಕಾಕಾನ ಎದುರಿಗೆ. ಪೈಪು ಬಲಗೈಯಲ್ಲಿತ್ತು. ಸ್ಕ್ರೂ ತಿರುಗಿಸುವಾಗ ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದ. ಎಡಗೈ ಮಾತ್ರ ಮೊದಲ ಸಲ ಒಮ್ಮೆಯೂ ಅಲ್ಲಾಡಲಿಲ್ಲ. ಮಡ್‌ಗಾರ್ಡಿನ ತಗಡಿನ ಮೇಲೆ ಬೆರಳು ಅಗಲಿಸಿ ಇಟ್ಟ ಅಂಗೈ. ಎರಡನೆಯ ಸಲ ನಡುವೆ ಹಣೆಯ ಬೆವರು ಒರೆಸಿಕೊಳ್ಳಲು ಆ ಕೈ ಎತ್ತಿದ. ಎತ್ತಿದಷ್ಟು ಹೊತ್ತು ಸ್ಕ್ರೂ ನಿಂತಿತು, ಪೈಪು ಕಿವಿಯಲ್ಲೇ ಇದ್ದರೂ. ಕೈ ಮತ್ತೆ ತಗಡಿಗೆ ತಾಗಿದ ಮೇಲೆ ಸ್ಕ್ರೂ ತಿರುಗಿತು.

ಚಿಗವ್ವ ಸೋಲು ಒಪ್ಪಿದ ಮೇಲೆ ನಾನು ಬಗ್ಗಿ ಹೇಳಿದೆ: "ಕಾಕಾ, ಈ ಕೈ ತಗದು ಒಮ್ಮೆ ಮಾಡು."

ಎಂಜಿನ್ನಿನ ಸದ್ದಿನಲ್ಲಿ ಆ ಮಾತು ಚಿಗವ್ವನಿಗೆ ತಲುಪಲಿಲ್ಲ. ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ಕೈಯನ್ನು ನೋಡಿಕೊಂಡ. ಎಂಜಿನ್ನು ಬಂದ್ ಮಾಡಿ, "ಹಸಿವಾಗ್ಯಾದ, ನಡೀರಿ," ಅಂದ.

ಇದರಲ್ಲಿ ಮೋಸ ಇತ್ತೇ ಅಂತ ನಾನು ಬಹಳ ಯೋಚಿಸಿದ್ದೇನೆ. ಷರತ್ತು ಇದ್ದದ್ದು ಸರಿಮಾಡಬೇಕು ಅಂತ, ಸರಿಮಾಡಿದ. ತಗಡಿನ ನಡುಕದಲ್ಲಿ ಎರಡು ಕಾರ್ಬ್ಯುರೇಟರಿನ ಉಸಿರು ತೂಗಬಲ್ಲ ಕೈ ಸಣ್ಣದಲ್ಲ. ಎಷ್ಟೋ ವರ್ಷ ಕಿವಿ, ಕೈ ಎರಡರಿಂದಲೂ ಮಾಡಿದವನಿಗೆ ಯಾವುದು ಯಾವಾಗ ಯಾವುದರ ಕೆಲಸ ಹೊತ್ತುಕೊಂಡಿತು ಅಂತ ತನಗೇ ಗೊತ್ತಿರಬೇಕು ಅಂತಲೂ ಇಲ್ಲ. ಇದು ಕಾಕಾನ ಪರವಾದ ವಾದ. ಎದುರು ವಾದ ಚಿಕ್ಕದು: ಹಿಂದಿನಿಂದ ಬರುವ ಟ್ರ್ಯಾಕ್ಟರಿನ ಹಾರ್ನು ಅಂಗೈಗೆ ಕೇಳಿಸುವುದಿಲ್ಲ. ಬೆವರು ಒರೆಸಿಕೊಳ್ಳುವಾಗ ಯಾರೇ ಆದರೂ ಕೆಲಸ ನಿಲ್ಲಿಸುತ್ತಾರೆ ಅಂತ ಮೂರನೆಯ ವಾದವೂ ಉಂಟು, ಅದನ್ನೂ ತಳ್ಳಿಹಾಕಲಾರೆ. ಚಿಗವ್ವ ಕೇಳಿದ್ದರೆ ನಾನು ಕಂಡದ್ದನ್ನು ಹೇಳುತ್ತಿದ್ದೆ. ಸೋತೆ ಅಂತ ಹೇಳಿದ ಮೇಲೆ ಅವಳು ಏನನ್ನೂ ಕೇಳಲಿಲ್ಲ.

ಒಂದು ವಾರ ಕಳೆದಿರಬೇಕು, ಮೇಸ್ತ್ರಿ ಫೋನು ಮಾಡಿದ. "ಅಕ್ಕಾರ, ನಿಮ್ಮ ಕಾಕಾರಿಗೆ ಏನಾಗ್ಯಾದರಿ? ಗೆದ್ದ ಮನುಷ್ಯಾ ತಾನಾಗೇ ಬಂದು ಒಂಟಿ ಹಚ್ಚಿಸ್ಕೊಂಡು ಹೋದ್ರು."

"ಯಾಕಂತ?"

"ಕೇಳಿದ್ನಿರಿ. ಬಿಸಲಿಗೆ ತಡಿಯಂಗಿಲ್ಲೋ, ಹಚ್ಚು, ಅಂದ್ರು. ಅದೂ ಖರೆ ಅದಲ್ರಿ, ಧೂಳ ಬ್ಯಾರೆ."

ಬಿಸಿಲಿನ ಕತೆ ಹುಟ್ಟಿದ್ದು ಹೀಗೆ. ಮೇಸ್ತ್ರಿಯಿಂದ ಅಪ್ಪನಿಗೆ ಬಂತು, ಅಪ್ಪನಿಂದ ಓಣಿಗೆ. ಅಂದು ಸಂಜೆ ಕಾಕಾ ಊಟಕ್ಕೆ ಕೂತಾಗ, ಇನ್ನು ಮೇಲೆ ಟಿಕೋಟಾಕ್ಕೆ ಹೋಗುವಾಗ ಯಾರಾದರೊಬ್ಬರು ಜೊತೆಗೆ ಬರಲಿ ಅಂತ ತಾನೇ ಹೇಳಿದ. ಚಿಗವ್ವ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದುಕೊಂಡು ಅವನ ಮುಖ ನೋಡಿದಳು. "ಯಾಕ್ರೀ, ಒಬ್ಬರಿಗೇ ಬ್ಯಾಸರಾಗ್ತದೇನು?" ಅಂದಳು. "ಹೂಂ, ಬ್ಯಾಸರ," ಅಂದ ಕಾಕಾ. ಜೋಡಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಶೆಡ್ಡಿನ ಹಲಗೆಯ ಮೇಲೆ ಇಟ್ಟಿದ್ದಾನೆ. ಎರಡು ಕ್ಯಾನುಗಳ ಪೈಕಿ ಎಂಜಿನ್ ಎಣ್ಣೆಯದಕ್ಕೆ ಚಿಗವ್ವ ಕೆಂಪು ದಾರ ಕಟ್ಟಿದ್ದಾಳೆ.

ಎಡಗಡೆ ಸೀಟಿನ ಮೊದಲ ಪಾಳಿ ನನ್ನದೇ ಆಯಿತು. ಕಬ್ಬಿನ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಒಂಟಿ ಚೆನ್ನಾಗಿಯೇ ಓಡುತ್ತಿತ್ತು. ಸ್ವಲ್ಪ ಸಪ್ಪೆ, ಆದರೆ ತಕರಾರಿಲ್ಲ. ಊರು ಬಿಟ್ಟ ಮೇಲೆ, ಅರಕೇರಿ ಕಡೆಯಿಂದ ಬಂದು ರಸ್ತೆಗೆ ಕೂಡಿದ ಎರಡು ಟ್ರೇಲರಿನ ಟ್ರ್ಯಾಕ್ಟರು, ನಿಧಾನವಾಗಿ ಹೋಗುತ್ತಿದ್ದ ನಮ್ಮ ಹಿಂದಿನಿಂದ ಹಾರ್ನು ಹೊಡೆಯಿತು. ಹೇಳುವುದು ನನ್ನ ಕೆಲಸ. ಹೇಳದೆ ಕಾಕಾನನ್ನು ನೋಡಿದೆ. ಅವನು ಕನ್ನಡಿಯನ್ನು ನೋಡಿ ಎಡಕ್ಕೆ ಸರಿದ. ಹಾರ್ನಿಗೆ ನೋಡಿದನೋ, ನೋಡುವ ಹೊತ್ತಿಗೆ ನೋಡಿದನೋ, ಹೇಳಲಾರೆ. ಟ್ರ್ಯಾಕ್ಟರು ಮುಂದೆ ಹೋಯಿತು. ಎರಡು ಕಬ್ಬು ಜಾರಿ ನಮ್ಮ ಬಾನೆಟ್ಟಿನ ಮೇಲೆ ಬಿದ್ದು ಉರುಳಿಹೋದವು.

ಕಾಲಿಗೆ ಏನೋ ತಾಗಿತು. ಬಗ್ಗಿ ಎತ್ತಿದೆ. ಡ್ರಿಪ್ ಪೈಪಿನ ತುಂಡು. ಒಂಟಿಗೆ ಇದರ ಕೆಲಸವಿಲ್ಲ, ಆದರೂ ಗಾಡಿಯಲ್ಲೇ ಇತ್ತು. ನಾನು ಅದನ್ನು ಅವನಿಗೆ ಕಾಣುವ ಹಾಗೆ ಹಿಡಿದು, ಗಾಳಿಗೆ ಎದುರಾಗಿ ಸ್ವಲ್ಪ ಜೋರಾಗಿಯೇ ಕೇಳಿದೆ:

"ಕಾಕಾ, ಅವತ್ತ ಬಬಲೇಶ್ವರದಾಗ ಈ ಪೈಪಿನ್ಯಾಗಿಂದ ನಿನಗ ಏನರೆ ಕೇಳಿಸಿತ್ತೇನು?"